ಹೆಡ್‌ಲೈಟಿನ ಸಾಲಿಗೆ ಸೇರಿದ ಮುಖ

ಪೊರೆ ತೆಗೆದು ಕಣ್ಣೊಳಗೆ ಕೂರಿಸುವ ಲೆನ್ಸು, ತನ್ನ ಯಜಮಾನ ಏನನ್ನು ನೋಡಲು ಇಷ್ಟಪಡುತ್ತಾನೆ ಎಂಬುದನ್ನು ತಾನೇ ಕಲಿತುಕೊಳ್ಳುವಂತಾದರೆ? ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಕೂತು ಡಾಕ್ಟರ್ ರುದ್ರಾರಾಧ್ಯರು ಈ ಪ್ರಶ್ನೆ ಕೇಳಿಕೊಂಡಾಗ ಅವರ ತಲೆಗೂದಲು ಇನ್ನೂ ಕಪ್ಪಗಿತ್ತು. ಉತ್ತರ ಸಿಕ್ಕಿ, ಲೆನ್ಸು ತಯಾರಾಗಿ, ಊರೂರಿನ ಆಸ್ಪತ್ರೆಗಳಿಗೆ ಹೋಗುವ ಹೊತ್ತಿಗೆ ತಲೆ ಪೂರಾ ಬೆಳ್ಳಗಾಗಿತ್ತು. ಕೊನೆಗೆ ಅವರ ಕಣ್ಣಿಗೇ ಪೊರೆ ಬಂತು.

ಹಳೆಯ ಲೆನ್ಸುಗಳದ್ದು ಒಂದೇ ಹಟ. ದೂರಕ್ಕೆಂದು ಮಾಡಿದ್ದು ದೂರಕ್ಕೇ ಸರಿ, ಪೇಪರು ಓದಬೇಕೆಂದರೆ ಮತ್ತೆ ಕನ್ನಡಕ ಹುಡುಕಬೇಕು. ಆರಾಧ್ಯರ ಲೆನ್ಸು ಮೆತ್ತನೆಯ ಜೆಲ್ಲಿನದು. ಅದರ ಅಂಚಿಗೆ ಬಳೆಯ ಹಾಗೆ ಒಂದು ಸಣ್ಣ ಚಿಪ್. ಆಪರೇಷನ್ ಆದ ಮೇಲಿನ ಚೇತರಿಕೆಯ ವಾರಗಳಲ್ಲಿ ಕಣ್ಣು ಯಾವುದರ ಮೇಲೆ ನಿಲ್ಲುತ್ತದೋ ಅದರ ಆಕಾರವನ್ನೂ ದೂರವನ್ನೂ ಆ ಚಿಪ್ ಅಳೆಯುತ್ತದೆ, ಜೆಲ್ಲು ಅದಕ್ಕೆ ತಕ್ಕ ಹಾಗೆ ಬಾಗುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಗೋಡೆಯ ಕ್ಯಾಲೆಂಡರ್, ಟಿವಿ, ಮೊಮ್ಮಕ್ಕಳ ಮುಖ, ಯಾವುದು ಬೇಕೋ ಅದು ನಿಚ್ಚಳವಾಗುತ್ತದೆ. ಕಣ್ಣು ಯಾವುದನ್ನು ಕಂಡರೆ ಪಕ್ಕಕ್ಕೆ ಸರಿಯುತ್ತದೋ ಅದನ್ನು ಮಸುಕು ಮಾಡುವುದನ್ನೂ ಲೆನ್ಸು ಕಲಿಯುತ್ತದೆ. ಈ ಎರಡನೆಯ ನಿಯಮ ಆರಾಧ್ಯರಿಗೆ ಬಹಳ ಹೆಮ್ಮೆಯದು. ಪೊರೆ ತೆಗೆಸಿಕೊಂಡವರೆಲ್ಲ ಎದುರು ಬರುವ ಗಾಡಿಯ ಹೆಡ್‌ಲೈಟು ಕಣ್ಣಿಗೆ ಚುಚ್ಚುತ್ತದೆ ಎಂದು ಗೋಳಾಡುತ್ತಿದ್ದರು. ಅಂಥ ಬೆಳಕನ್ನು ಲೆನ್ಸು ತಾನಾಗಿಯೇ ಮೆತ್ತಗೆ ಮಾಡಿಕೊಡಲಿ ಎಂದು ಅವರು ಆ ನಿಯಮವನ್ನು ಸೇರಿಸಿದ್ದರು. ಕಲಿಕೆ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಅತಿನೇರಳೆ ಬೆಳಕು ಹಾಯಿಸಿ ಜೆಲ್ಲನ್ನು ಗಟ್ಟಿ ಮಾಡುತ್ತಾರೆ. ಅದಕ್ಕೆ ಸೆಟ್ ಮಾಡುವುದು ಎನ್ನುತ್ತಾರೆ. ಒಮ್ಮೆ ಸೆಟ್ ಆದರೆ ಕಲಿತದ್ದು ಕಲಿತದ್ದೇ, ಆಮೇಲೆ ತಿದ್ದುವುದಕ್ಕೆ ಬರುವುದಿಲ್ಲ.

ಇನ್ನೊಂದು ಸಂಗತಿಯಿತ್ತು. ಪಟ್ಟಿ ಬಿಚ್ಚಿದ ಮೊದಲ ಗಳಿಗೆಯಲ್ಲಿ ನೋಡಿದ್ದಕ್ಕೆ ಲೆನ್ಸು ಹೆಚ್ಚಿನ ಬೆಲೆ ಕೊಡುತ್ತಿತ್ತು. ಆದ್ದರಿಂದ ಪಟ್ಟಿಯನ್ನು ಮನೆಯಲ್ಲೇ, ಬೆಳಗಿನ ಬೆಳಕಿನಲ್ಲಿ ಬಿಚ್ಚಬೇಕೆಂದು ಆರಾಧ್ಯರೇ ಸೂಚನಾ ಪತ್ರದಲ್ಲಿ ಬರೆದಿದ್ದರು. ನಮ್ಮ ಜನಕ್ಕೆ ಇಷ್ಟು ಸಾಕಲ್ಲ. ಬೆಳಗ್ಗೆ ಎದ್ದು ಯಾರ ಮುಖ ನೋಡಿದೆವು ಎಂದು ದಿನವೆಲ್ಲ ಲೆಕ್ಕ ಹಾಕುವವರು, ಹೊಸ ಕಣ್ಣಿನ ಮೊದಲ ನೋಟವನ್ನು ಸುಮ್ಮನೆ ಬಿಟ್ಟಾರೆಯೇ? ಮನೆ ಮನೆಯಲ್ಲೂ ತಟ್ಟೆ ಬಂತು. ತಟ್ಟೆಯಲ್ಲಿ ಕನ್ನಡಿ, ಅರಿಶಿನ ಕುಂಕುಮ, ತೆಂಗಿನಕಾಯಿ, ದೇವರ ಪಟ. ಪಕ್ಕದಲ್ಲಿ ಲಕ್ಷಣವಾದ ಒಂದು ಮಗು. ಪಟ್ಟಿ ಬಿಚ್ಚಲು ರಾಹುಕಾಲ ಬಿಟ್ಟು ಹೊತ್ತು ನೋಡಿ ಕೊಡುವ ಜೋಯಿಸರೂ ಹುಟ್ಟಿಕೊಂಡರು.

ಆರಾಧ್ಯರು ಭಾಷಣಗಳಲ್ಲಿ ಈ ತಟ್ಟೆಯ ಕಥೆ ಹೇಳಿ ಸಭೆಯನ್ನು ನಗಿಸುತ್ತಿದ್ದರು. ಲೆನ್ಸಿಗೆ ಕುಂಕುಮ ಗೊತ್ತಿಲ್ಲ, ಬಳೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಆಕಾರ ಮತ್ತು ದೂರ ಮಾತ್ರ ಎನ್ನುತ್ತಿದ್ದರು. ಕೊನೆಗೆ ತಪ್ಪದೆ ಒಂದು ಮಾತು ಸೇರಿಸುತ್ತಿದ್ದರು: "ಈ ಲೆನ್ಸನ್ನು ಮೊಟ್ಟಮೊದಲು ಹಾಕಿಸಿದ್ದು ನನ್ನ ಸ್ವಂತ ಅಕ್ಕನ ಕಣ್ಣಿಗೆ. ಇದಕ್ಕಿಂತ ಭರವಸೆ ಇನ್ನೇನು ಬೇಕು?" ಸಭೆ ಚಪ್ಪಾಳೆ ತಟ್ಟುತ್ತಿತ್ತು.

ಆ ಅಕ್ಕ ದಾಕ್ಷಾಯಿಣಿ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಮ್ಮನಿಗೆ ಕೆಲಸ ಸಿಕ್ಕಾಗ ಅವನ ಜೊತೆಗೇ ಮೈಸೂರಿಗೆ ಬಂದಳು. ತಮ್ಮನ ಮಗಳು ವಸುಧಾಳನ್ನು ಎತ್ತಿ ಆಡಿಸಿದವಳು ಅವಳು. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಮನೆಯನ್ನು ಹಿಡಿದು ನಿಲ್ಲಿಸಿದವಳೂ ಅವಳೇ. ವಸುಧಾ ಈಗ ಗಂಡ, ಮಗಳ ಜೊತೆ ಅದೇ ಮನೆಯ ಮಹಡಿಯಲ್ಲಿದ್ದಳು.

ಆರಾಧ್ಯರ ಪಟ್ಟಿ ಬಿಚ್ಚುವ ದಿನ ಹಾಲಿನ ಕಿಟಕಿಯ ಮುಂದೆ ಕುರ್ಚಿ ಹಾಕಿದ್ದರು. ತಟ್ಟೆ ಗಿಟ್ಟೆ ಇಡಕೂಡದು ಎಂದು ಆರಾಧ್ಯರು ಮೊದಲೇ ಖಡಾಖಂಡಿತವಾಗಿ ಹೇಳಿದ್ದರಿಂದ ತಟ್ಟೆ ಇರಲಿಲ್ಲ. ವಸುಧಾ ಮಗಳು ಇಂಚರಳನ್ನು ಕರೆದುಕೊಂಡು ಬಂದು ಎದುರಿಗೆ ನಿಲ್ಲಿಸಿದಳು. ದಾಕ್ಷಕ್ಕ ಸೋಪು ಹಾಕಿ ಕೈ ತೊಳೆದು, ಕುರ್ಚಿಯ ಹಿಂದಿನಿಂದ ಬಂದು, ಕಣ್ಣಿನ ಮೇಲಿನ ಟೇಪನ್ನು ನೋವಾಗದ ಹಾಗೆ ಮೆಲ್ಲಗೆ ಬಿಡಿಸಿದಳು. ಹತ್ತಿಯನ್ನು ಕುದಿಸಿ ಆರಿಸಿದ ನೀರಲ್ಲಿ ಅದ್ದಿ ರೆಪ್ಪೆ ಒರೆಸಿದಳು.

"ರುದ್ರು, ಕಣ್ಣು ಮುಚ್ಕೊಂಡೇ ಇರು. ನಾನು ಒಳಗೆ ಹೋಗ್ತೀನಿ, ಆಮೇಲೆ ಬಿಡು."

ಇಲ್ಲಿ ಆರಾಧ್ಯರು ಒಂದು ಮಾತು ಆಡಬಹುದಿತ್ತು. ಯಾಕಕ್ಕ, ಇಲ್ಲೇ ಇರು ಎನ್ನುವುದಕ್ಕೆ ಎಷ್ಟು ಉಸಿರು ಬೇಕು? ಅವರು ಆಡಲಿಲ್ಲ. ಕಣ್ಣು ಮುಚ್ಚಿಕೊಂಡು ಕಾದರು. ಅಡುಗೆಮನೆಯ ಬಾಗಿಲು ಕಿರ್ ಎಂದು ಸದ್ದು ಮಾಡಿತು. ಅದಾದ ಮೇಲೆ ಕಣ್ಣು ಬಿಟ್ಟರು.

"ತಾತ, ನಿನ್ನ ಕಣ್ಣು ಕೆಂಪಗಿದೆ," ಎಂದಳು ಇಂಚರ. ಅವಳ ಹಾಲುಹಲ್ಲು ಒಂದು ಬಿದ್ದಿತ್ತು. ಅದು ಬಿದ್ದದ್ದು ಆರಾಧ್ಯರಿಗೆ ಆವತ್ತೇ ಗೊತ್ತಾಗಿದ್ದು. ಕೆನೆ ಬಣ್ಣದ್ದೆಂದು ಅವರು ತಿಳಿದಿದ್ದ ಗೋಡೆ ಅಪ್ಪಟ ಬಿಳಿಯದಾಗಿತ್ತು. ಫ್ಯಾನಿನ ರೆಕ್ಕೆಯ ಮೇಲೆ ಧೂಳು ಗೇಣುದ್ದ ಕೂತಿತ್ತು. ಕಿಟಕಿಯಾಚೆಯ ಆಕಾಶ ಯಾರೋ ಈಗಷ್ಟೇ ನೀಲಿಯಲ್ಲಿ ಅದ್ದಿ ಹರವಿದ ಪಂಚೆಯ ಹಾಗಿತ್ತು. ಆರಾಧ್ಯರು ಒಂದೊಂದನ್ನೇ ಮತ್ತೆ ಮತ್ತೆ ನೋಡಿದರು. ಅಡುಗೆಮನೆಯ ಬಾಗಿಲಿನ ವಿಷಯ ಆ ಸಂಭ್ರಮದಲ್ಲಿ ಮರೆತೇ ಹೋಯಿತು.

ಚೇತರಿಕೆಯ ದಿನಗಳು ಶುರುವಾದವು. ತಲೆಗೆ ನೀರು ಹಾಕಬಾರದು, ಬಗ್ಗಬಾರದು, ಬಕೆಟ್ ಎತ್ತಬಾರದು, ಒಗ್ಗರಣೆ ಹೊಗೆಯ ಹತ್ತಿರ ಸುಳಿಯಬಾರದು, ಏನೇ ಆದರೂ ಕಣ್ಣು ಉಜ್ಜಬಾರದು. ಇದನ್ನೆಲ್ಲ ಬರೆದ ಮಹಾನುಭಾವರು ಅವರೇ. 'ಸ್ವಲ್ಪ ಕಿರಿಕಿರಿ ಸಹಜ' ಎಂದು ಬರೆದಿದ್ದರು. ಆ 'ಸ್ವಲ್ಪ' ಎಂದರೆ ಕಣ್ಣಿಗೆ ಮರಳು ಬಿದ್ದ ಹಾಗೆ ಎಂದು ಈಗ ತಿಳಿಯಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಲಗುವಾಗ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಳ್ಳಬೇಕು, ಹೊರಗೆ ಬಂದರೆ ಕಪ್ಪು ಕನ್ನಡಕ ಬೇಕು.

"ಬರೆದೋನು ನೀನೇ ತಾನೆ, ಅನುಭವಿಸು," ಎನ್ನುತ್ತಿದ್ದಳು ದಾಕ್ಷಕ್ಕ. "ಉಜ್ಜಬೇಡ ಅಂದ್ರೆ ಕೈ ಅಲ್ಲಿಗೇ ಹೋಗುತ್ತೆ, ಚಿಕ್ಕ ಮಗು ಥರ."

ಡ್ರಾಪ್ಸ್ ಹಾಕುವುದು ಅವಳದೇ ಕೆಲಸ. ಎರಡು ಔಷಧಿ, ಒಂದು ಹಾಕಿ ಅದು ಇಳಿದ ಮೇಲೆ ಇನ್ನೊಂದು. ಅವಳು ಯಾವಾಗಲೂ ಕುರ್ಚಿಯ ಹಿಂದೆ ನಿಂತು, ತಮ್ಮನ ತಲೆಯನ್ನು ಹಿಂದಕ್ಕೆ ಬಾಗಿಸಿಕೊಂಡು, ಕೆಳರೆಪ್ಪೆ ಎಳೆದು ಹನಿ ಬಿಡುತ್ತಿದ್ದಳು. ಕಣ್ಣು ತುಂಬಿಕೊಂಡು ಎಲ್ಲವೂ ಕಲಕಿಹೋಗುತ್ತಿತ್ತು. ಅದಕ್ಕೇ ಇರಬೇಕು, ಅಕ್ಕನ ಮುಖ ಮಾತ್ರ ಸರಿಯಾಗಿ ಕಾಣುತ್ತಿಲ್ಲ ಎಂಬುದು ಆರಾಧ್ಯರಿಗೆ ತಡವಾಗಿ ಗೊತ್ತಾಯಿತು. ಡ್ರಾಪ್ಸ್ ಇಲ್ಲದಾಗಲೂ ಅವಳ ಮುಖ ಹಬೆ ಹಿಡಿದ ಕನ್ನಡಿಯಲ್ಲಿ ಕಂಡ ಹಾಗಿತ್ತು. ಅವಳ ಸೀರೆಯ ಅಂಚು ನಿಚ್ಚಳ, ಕೈಯಲ್ಲಿದ್ದ ಸೌಟು ನಿಚ್ಚಳ, ಮುಖದ ಜಾಗದಲ್ಲಿ ಮಾತ್ರ ಮಬ್ಬು.

ಆಸ್ಪತ್ರೆಯ ಮಹಡಿಯಲ್ಲಿ ಒಂದು ನಿಯಂತ್ರಣ ಕೊಠಡಿಯಿತ್ತು. ಊರಿನ ಕಲಿಯುವ ಲೆನ್ಸುಗಳೆಲ್ಲ ತಮ್ಮ ಅಳತೆಗಳನ್ನು ಅಲ್ಲಿಗೆ ಕಳಿಸುತ್ತಿದ್ದವು. ಅಲ್ಲಿಯ ಮುಖ್ಯಸ್ಥೆ ತಬಸ್ಸುಮ್ ಒಂದು ಕಾಲಕ್ಕೆ ಆರಾಧ್ಯರ ವಿದ್ಯಾರ್ಥಿನಿ. ತಪಾಸಣೆಗೆ ಬಂದ ಗುರುಗಳಿಗೆ ಕುರ್ಚಿ ಎಳೆದು ಹಾಕಿ, ಅವರ ನೋಟದ ನಕ್ಷೆಯನ್ನು ಪರದೆಯ ಮೇಲೆ ತೆರೆದಳು. ಕಣ್ಣು ನಿಂತ ಕಡೆಯೆಲ್ಲ ಹಳದಿ ಬೆಳಕಿನ ಗುಡ್ಡೆ, ಕಣ್ಣು ಓಡಿಹೋದ ಕಡೆ ಕಪ್ಪು ಕುಳಿ.

"ನಿಮ್ಮ ಕಣ್ಣು ತುಂಬ ಚೆನ್ನಾಗಿ ವಾಸಿಯಾಗ್ತಿದೆ ಸರ್. ಮುಂದಿನ ವಾರ ಸೆಟ್ ಮಾಡ್ಬಹುದು."

"ಒಂದೇ ತೊಂದರೆ ಕಣಮ್ಮ. ನಮ್ಮಕ್ಕನ ಮುಖ ಸರಿಯಾಗಿ ಕಾಣ್ತಿಲ್ಲ."

"ಬೇರೆಯವರದ್ದು?"

"ಎಲ್ಲರದ್ದೂ ಕಾಣುತ್ತೆ. ಹಾಲಿನವನ ಮೀಸೆ ಬೇಕಾದ್ರೂ ಎಣಿಸ್ತೀನಿ."

ತಬಸ್ಸುಮ್ ಕಪ್ಪು ಕುಳಿಗಳನ್ನು ಒಂದೊಂದಾಗಿ ದೊಡ್ಡದು ಮಾಡಿದಳು. ಒಂದು, ಟೆರೇಸಿನ ನೀರಿನ ಟ್ಯಾಂಕಿನ ಮೇಲೆ ಹೊಳೆಯುವ ಬಿಸಿಲು. ಇನ್ನೊಂದು, ರಸ್ತೆಯ ಗಾಡಿಗಳ ಹೆಡ್‌ಲೈಟು. ಮತ್ತೊಂದು, ಅಂಗಳದಲ್ಲಿ ಒಣಗಲು ಇಟ್ಟ ಸ್ಟೀಲ್ ಕೊಳಗ. ಅವುಗಳ ಪಕ್ಕದಲ್ಲೇ, ಎಲ್ಲಕ್ಕಿಂತ ಆಳವಾಗಿ, ಮೊಟ್ಟೆಯಾಕಾರದ ಒಂದು ಕುಳಿ. ಅದರೊಳಗೆ ಕಣ್ಣುಗಳ ಜಾಗ, ಮೂಗಿನ ಜಾಗ.

"ಇದು ಮುಖ ಸರ್," ಎಂದಳು ತಬಸ್ಸುಮ್, ಮೆಲ್ಲಗೆ. "ಲೆನ್ಸು ಇದನ್ನ ಕಣ್ಣು ಚುಚ್ಚೋ ಬೆಳಕು ಅಂತ ತಿಳ್ಕೊಂಡಿದೆ."

ಆರಾಧ್ಯರ ಕಿವಿ ಬಿಸಿಯಾಯಿತು. ಕಣ್ಣು ತಪ್ಪಿಸಿಕೊಂಡದ್ದನ್ನು ಮಸುಕು ಮಾಡು ಎಂಬ ನಿಯಮ ಬರೆದ ಕೈ ಅವರ ತೊಡೆಯ ಮೇಲೇ ಇತ್ತು. ಆ ಹುಡುಗಿಯ ಮುಂದೆ ತಾವು ಬಟ್ಟೆಯಿಲ್ಲದೆ ಕೂತಿದ್ದೇವೆ ಅನ್ನಿಸಿತು.

"ಗುರುತಿಸೋದರಲ್ಲಿ ತಪ್ಪಾಗಿದೆ, ಅಳಿಸಿಬಿಡು," ಎಂದರು.

"ಆಯ್ತು ಸರ್. ನೀವು ಕಳಿಸಿದ ಸುತ್ತೋಲೆಯಲ್ಲೂ ಹಾಗೇ ಇದೆ. ಬೆಳಕಿನ ಸಾಲಲ್ಲಿ ಮುಖ ಬಂದ್ರೆ ದೋಷ ಅಂತ ಅಳಿಸಬೇಕು ಅಂತ."

ಅವಳು ಅಳಿಸಿದಳು. ಕುಳಿ ಮಾಯವಾಯಿತು.

ಮನೆಗೆ ಬಂದಾಗ ದಾಕ್ಷಕ್ಕ ಸೊಪ್ಪು ಬಿಡಿಸುತ್ತ ಕೂತಿದ್ದಳು, ಅವಳ ಮುಖ ಸ್ಪಷ್ಟವಾಗಿ ಕಂಡಿತು. ಮೂಗಿನ ಪಕ್ಕದಲ್ಲಿ ಒಂದು ಮಚ್ಚೆ. ಅದು ಅಲ್ಲಿತ್ತು ಎಂಬುದೇ ಆರಾಧ್ಯರಿಗೆ ಮರೆತುಹೋಗಿತ್ತು. ಓಲೆಯಿಲ್ಲದ ಕಿವಿಯ ತೂತುಗಳು ಮುಚ್ಚಿ ಗೆರೆಗಳಾಗಿದ್ದವು. ಅಕ್ಕ ಇಷ್ಟು ಮುದುಕಿಯಾದದ್ದು ಯಾವಾಗ? ಮಷಿನ್ನಿನ ತಪ್ಪು, ಸರಿಮಾಡಿಸಿಕೊಂಡು ಬಂದೆ ಎಂದು ಅವರು ಗೆಲುವಾಗಿ ಹೇಳಿದರು. ಅವಳು ಹೂಂ ಎಂದಳು.

ಒಂದೆರಡು ದಿನ ಕಳೆಯುವುದರೊಳಗೆ ಹಬೆ ಮತ್ತೆ ಬಂದು ಕೂತಿತು. ಆರಾಧ್ಯರು ವಿಜ್ಞಾನಿ. ಉಪಕರಣ ಒಂದೇ ಉತ್ತರವನ್ನು ಮತ್ತೆ ಮತ್ತೆ ಕೊಟ್ಟರೆ ಉಪಕರಣವನ್ನು ಬಯ್ಯಬಾರದು ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳಿದವರು. ಬೇರೆ ದಾರಿಯಿಲ್ಲದೆ ತಮ್ಮ ಕಣ್ಣು ಏನು ಮಾಡುತ್ತದೆ ಎಂದು ತಾವೇ ಕಾಯತೊಡಗಿದರು.

ಬೆಳಗ್ಗೆ ಅವರು ಕೋಣೆಯಿಂದ ಹೊರಗೆ ಬಂದಾಗ ಹಾಲಿನಲ್ಲಿ ಯಾರೂ ಇರುತ್ತಿರಲಿಲ್ಲ. ಮೇಜಿನ ಮೇಲೆ ಫ್ಲಾಸ್ಕಿನಲ್ಲಿ ಕಾಫಿ, ಮುಚ್ಚಿಟ್ಟ ಲೋಟ, ಮಡಿಸಿದ ಪೇಪರು. ಎಷ್ಟು ಅಚ್ಚುಕಟ್ಟು ನಮ್ಮಕ್ಕ ಎಂದು ಅವರು ವರ್ಷಗಟ್ಟಲೆ ಮೆಚ್ಚಿಕೊಂಡಿದ್ದ ಏರ್ಪಾಡು ಅದು. ಅವರು ಕ್ಯಾಲೆಂಡರ್ ನೋಡಿ, ಕಾಫಿ ಕುಡಿದು, ಪೇಪರು ಬಿಡಿಸಿದ ಮೇಲೆ ಹಿತ್ತಲಿಂದ "ರುದ್ರು, ಎದ್ಯಾ?" ಎಂಬ ಕೂಗು ಬರುತ್ತಿತ್ತು. ಅವಳು ಬರುತ್ತಿದ್ದದ್ದು ಆ ಕೂಗು ಬಂದ ಮೇಲೆ. ಬಂದರೂ ಬಾಗಿಲ ಓರೆಯಲ್ಲಿ ನಿಲ್ಲುತ್ತಿದ್ದಳು. ಆರಾಧ್ಯರು ಬೇಕೆಂದೇ ತಲೆಯೆತ್ತಿ ಆ ಕಡೆ ನೋಡಿದರು. ನೋಡಿದರು ಅಂದುಕೊಂಡರು, ಅಷ್ಟೆ. ಕಣ್ಣು ಅವಳ ಭುಜದವರೆಗೆ ಹೋಗಿ, ಪಕ್ಕದ ಗಡಿಯಾರಕ್ಕೆ ಜಾರಿತು. ಅವರ ಅಪ್ಪಣೆಯನ್ನು ಅದು ಕೇಳಲೇ ಇಲ್ಲ.

ಮರುದಿನವೂ ಹಾಗೇ ಆಯಿತು. ವೈಚಾರಿಕತೆಯ ಬಗ್ಗೆ ಊರೂರಲ್ಲಿ ಭಾಷಣ ಬಿಗಿದ ಮನುಷ್ಯನ ಕಣ್ಣಿನೊಳಗೆ ಇನ್ಯಾರೋ ಕೂತು, ಬೆಳಗಿನ ಹೊತ್ತು ಆ ಮುಖ ಬೇಡ ಎಂದು ಸ್ಟೀರಿಂಗ್ ತಿರುಗಿಸುತ್ತಿದ್ದರು.

ಮುಂದಿನ ಸಲ ಹೋದಾಗ ಕುಳಿ ಮೊದಲಿದ್ದ ಜಾಗದಲ್ಲೇ ಇತ್ತು.

"ಇನ್ನೊಂದ್ಸಲ ಅಳಿಸ್ಲಾ ಸರ್?" ಎಂದಳು ತಬಸ್ಸುಮ್. ಆಮೇಲೆ ಪರದೆ ನೋಡುತ್ತಲೇ ಹೇಳಿದಳು: "ನಿಮ್ಮೊಬ್ಬರದ್ದೇ ಅಲ್ಲ. ತುಂಬ ಮನೆಗಳಲ್ಲಿ ಈ ಥರ ಒಂದು ಮುಖ ಇರುತ್ತೆ. ಕೆಲವು ಕಡೆ ಸೊಸೆಯದ್ದು. ಕೆಲವು ಕಡೆ ಸುಟ್ಟ ಗಾಯ ಇರೋ ಮಗನದ್ದು. ನಾವು ಅಳಿಸ್ತೀವಿ, ಮತ್ತೆ ಬರುತ್ತೆ. ಕೊನೆಗೆ ಹಾಗೇ ಸೆಟ್ ಮಾಡಿ ಕಳಿಸ್ತೀವಿ."

"ನನಗೆ ಯಾಕೆ ಹೇಳ್ಲಿಲ್ಲ?"

"ದೋಷ ಅಂತ ನೀವೇ ಹೆಸರು ಕೊಟ್ಟಿದ್ರಲ್ಲ ಸರ್."

ಆಗ ಆರಾಧ್ಯರಿಗೆ ತಮ್ಮ ಭಾಷಣದ ಕೊನೆಯ ಸಾಲು ನೆನಪಾಯಿತು. ಮೊಟ್ಟಮೊದಲು ಅಕ್ಕನ ಕಣ್ಣಿಗೆ. ಆ ಕಣ್ಣು ಏನು ಕಲಿಯಿತು ಎಂದು ಅವರು ಒಮ್ಮೆಯಾದರೂ ತೆರೆದು ನೋಡಿದ್ದರೇ? ದಾಕ್ಷಾಯಿಣಿಯವರ ನಕ್ಷೆ ಇದ್ದರೆ ತೆಗಿ ಎಂದರು.

ಹಳೆಯ ನಕ್ಷೆ, ಸೆಟ್ ಆಗಿ ಮುಗಿದದ್ದು. ಒಲೆ, ಹಿತ್ತಲ ಬಟ್ಟೆ ಒಗೆಯುವ ಕಲ್ಲು, ವಸುಧಾ, ತೊಟ್ಟಿಲಲ್ಲಿದ್ದ ಇಂಚರ, ಎಲ್ಲವೂ ಹಳದಿಯಾಗಿ ಬೆಳಗುತ್ತಿದ್ದವು. ಕಪ್ಪು ಕುಳಿಯಲ್ಲಿ ಒಂದೇ ಒಂದು ಮುಖವೂ ಇರಲಿಲ್ಲ. ಎಲ್ಲಕ್ಕಿಂತ ಪ್ರಕಾಶವಾಗಿದ್ದದ್ದು ನಡುವಿನ ಒಂದು ಆಕಾರ: ತಲೆ, ಎರಡು ಭುಜ, ಎಡಭುಜ ತುಸು ಕೆಳಗೆ. ಅದಕ್ಕೆ ಮುಖವಿರಲಿಲ್ಲ.

"ಇದು ಯಾರ್ದೋ ಬೆನ್ನು ಸರ್," ಎಂದಳು ತಬಸ್ಸುಮ್. "ಮೊದಲ ನೋಟಾನೂ ಇದೇ."

ಎಡ ಹೆಗಲಿಗೆ ಚೀಲ ಹಾಕಿಕೊಂಡೇ ಮೂವತ್ತು ವರ್ಷ ಓಡಾಡಿ ಭುಜ ವಾಲಿಹೋಗಿದೆ ಎಂದು ಆರಾಧ್ಯರ ಹೆಂಡತಿ ಬದುಕಿದ್ದಾಗ ಆಡಿಕೊಳ್ಳುತ್ತಿದ್ದಳು. ಅವರು ತಮ್ಮ ಬೆನ್ನನ್ನು ಬಹಳ ಹೊತ್ತು ನೋಡಿದರು.

"ಈ ಕಣ್ಣಿಗೆ ಈ ಬೆನ್ನಿನವನ ಮುಖ ಹೇಗೆ ಕಾಣುತ್ತೆ?"

"ಅಭ್ಯಾಸ ಆಗಿಲ್ಲ ಸರ್. ಒಂಚೂರು ಮಂಜು ಮಂಜಾಗಿ ಕಾಣ್ಬಹುದು."

ತಬಸ್ಸುಮ್ ಅವರದೇ ಕುಳಿಯ ಬಗ್ಗೆ ಮತ್ತೆ ಕೇಳಿದಳು. ಜೆಲ್ಲು ಹೆಚ್ಚು ದಿನ ಮೆತ್ತಗೆ ಉಳಿಯುವುದಿಲ್ಲ, ಈ ಶುಕ್ರವಾರ ಸೆಟ್ ಮಾಡದಿದ್ದರೆ ತಾನಾಗಿಯೇ ಗಟ್ಟಿಯಾಗುತ್ತದೆ. ಅಳಿಸುವುದೋ ಬಿಡುವುದೋ?

"ಅಳಿಸಬೇಡ," ಎಂದರು ಆರಾಧ್ಯರು. "ಯಾರದ್ದೂ ಅಳಿಸಬೇಡಿ ಇನ್ಮೇಲೆ. ಅವರಿಗೆ ತೋರಿಸಿ."

"ತೋರಿಸಿದ್ರೆ ಜಗಳಕ್ಕೆ ಬರ್ತಾರೆ ಸರ್."

"ನಾನೂ ಬಂದಿದ್ನಲ್ಲ."

ಮನೆಗೆ ಬಂದು ಅವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ದಾಕ್ಷಕ್ಕ ಬೆನ್ನು ಹಾಕಿ ಅಕ್ಕಿ ತೊಳೆಯುತ್ತಿದ್ದಳು.

"ಅಕ್ಕ, ನಿನ್ನ ಪಟ್ಟಿ ಬಿಚ್ಚಿದ ದಿನ ಮೊದಲು ಏನು ನೋಡ್ದೆ?"

"ಅದೇನು ಈಗ?"

"ಹೇಳು."

"ನಿನ್ನೇ ಕಣೋ. ನೀನು ಸ್ಕೂಟರ್ ತೆಗೀತಿದ್ದೆ. ನೀನು ಹೊರಗೆ ಹೊರಟ ಮೇಲೆ ಬಿಚ್ಚೋಣ ಅಂತ ಕಾದಿದ್ದೆ. ಹೊರಡೋ ಹೊತ್ತಲ್ಲಿ ಎದುರಿಗೆ ಬರಬಾರದಲ್ಲ. ಕಿಟಕಿ ಹತ್ರ ಬಿಚ್ದೆ, ನೀನು ಗೇಟು ದಾಟ್ತಾ ಇದ್ದೆ."

"ಯಾಕೆ ಎದುರಿಗೆ ಬರಬಾರದು? ನಾನು ಯಾವತ್ತಾದ್ರೂ ಹಾಗಂದಿದ್ನಾ?"

ದಾಕ್ಷಕ್ಕ ಅಕ್ಕಿಯ ನೀರು ಬಸಿದು ಪಾತ್ರೆ ಕೆಳಗಿಟ್ಟಳು. "ಬಾಯಲ್ಲಿ ಅಂದಿಲ್ಲ. ನೀನು ಓದ್ಕೊಂಡೋನು, ಬಾಯಲ್ಲಿ ಯಾಕಂತೀಯ? ಊರಲ್ಲಿದ್ದಾಗ ನೀನು ಇಲ್ಲಿಯ ಕೆಲಸದ ಇಂಟರ್‌ವ್ಯೂಗೆ ಹೊರಟಿದ್ದೆ. ನಾನು ಬಾವಿಯಿಂದ ನೀರು ತಗೊಂಡು ಬರ್ತಿದ್ದೆ, ಬಾಗಿಲಲ್ಲಿ ಎದುರಾದ್ವಿ. ನೀನು ಒಳಗೆ ಹೋಗಿ ಕೂತ್ಕೊಂಡೆ, ಒಂದು ಲೋಟ ನೀರು ಕುಡ್ದೆ, ಆಮೇಲೆ ಮತ್ತೆ ಹೊರಟೆ. ಸರ್ಟಿಫಿಕೇಟು ಮರೆತಿದ್ದೆ ಅಂದೆ. ಸರ್ಟಿಫಿಕೇಟು ನಿನ್ನ ಕೈಯಲ್ಲೇ ಇತ್ತು ರುದ್ರು."

ಹೊರಡುವಾಗ ಅಪಶಕುನವಾದರೆ ಒಳಗೆ ಬಂದು ಕೂತು ನೀರು ಕುಡಿದು ಹೋಗುವುದು ಊರ ಪದ್ಧತಿ. ಆರಾಧ್ಯರಿಗೆ ಆ ಬೆಳಗು ನೆನಪೇ ಇರಲಿಲ್ಲ. ನೀರಿನ ರುಚಿ ಮಾತ್ರ ಈಗ ಬಾಯಿಗೆ ಬಂದ ಹಾಗಾಯಿತು.

"ಅವತ್ತಿಂದ ನಾನು ಹಿತ್ತಲ ಬಾಗಿಲು ಹಿಡಿದೆ," ಎಂದಳು ದಾಕ್ಷಕ್ಕ. "ನಿನಗೆ ಕೆಲಸ ಸಿಕ್ತಲ್ಲ, ಒಳ್ಳೇದೇ ಆಯ್ತು."

ಹೆಂಡತಿಯ ಕರ್ಮಾಂತರ ಮುಗಿದ ಮರುವಾರವೇ ಆರಾಧ್ಯರು ಒಂದು ನೇತ್ರ ಶಿಬಿರದಲ್ಲಿ ದೀಪ ಹಚ್ಚಿದ್ದರು. ಹೂವಿನ ಹಾರ ಹಾಕಿಸಿಕೊಂಡಿದ್ದರು. ಅವರ ಮುಖ ಕಂಡು ಯಾರೂ ಒಳಗೆ ಹೋಗಿ ನೀರು ಕುಡಿಯಲಿಲ್ಲ. ವಸುಧಾಳ ಮದುವೆಯಲ್ಲಿ ಅವಳನ್ನು ಸಾಕಿದ ದಾಕ್ಷಕ್ಕ ಧಾರೆಯ ಹೊತ್ತಿನಲ್ಲಿ ಉಗ್ರಾಣದಲ್ಲಿದ್ದಳು. ಉಗ್ರಾಣಕ್ಕೆ ನಂಬಿಕಸ್ಥರು ಬೇಕು, ಅಕ್ಕ ಇದ್ದಾಳೆ ಎಂದು ಇವರು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿದ್ದರು.

"ನನ್ನ ಮುಖ ನಿನಗೆ ಸರಿಯಾಗಿ ಕಾಣಲ್ವಾ?"

"ಹೋಗ್ಲಿ ಬಿಡು. ಧ್ವನಿ ಕೇಳುತ್ತಲ್ಲ."

"ಯಾಕೆ ಹೇಳ್ಲಿಲ್ಲ?"

"ಕೇಳಿದ್ರೆ ತಾನೆ ಹೇಳೋದು? ಸಭೆಯಲ್ಲೆಲ್ಲ ನನ್ನ ಹೆಸರು ಹೇಳ್ಕೊಂಡು ಬರ್ತಿದ್ದೆ. ಕಾಣ್ತಿಲ್ಲ ಅಂದ್ರೆ ನಿನ್ನ ಮಾನ ಹೋಗ್ತಿತ್ತು."

ಆ ಸಂಜೆ ಆರಾಧ್ಯರು ಅಕ್ಕನನ್ನು ಎದುರಿಗೆ ಕೂರಿಸಿಕೊಂಡರು. ಲೆನ್ಸಿಗೆ ಹೊಸದಾಗಿ ಕಲಿಸಬೇಕಾದರೆ ಕಣ್ಣು ಅಲ್ಲಿ ನಿಲ್ಲಬೇಕು, ಬೇರೆ ಉಪಾಯವಿಲ್ಲ. ನೋಡಿದರು. ಕಣ್ಣು ನೆಲಕ್ಕೆ ಬಿತ್ತು. ಮತ್ತೆ ನೋಡಿದರು, ಮತ್ತೆ ಬಿತ್ತು. ಗೊತ್ತಿಲ್ಲದಾಗ ಜಾರುತ್ತಿದ್ದದ್ದಕ್ಕಿಂತ ಗೊತ್ತಾದ ಮೇಲೆ ಬೇಗ ಜಾರುತ್ತಿತ್ತು. ನಾಚಿಕೆಯಿಂದ ಮುಖವೆಲ್ಲ ಉರಿಯಿತು. ಮರುದಿನ ತಬಸ್ಸುಮ್ ಫೋನ್ ಮಾಡಿ, ಕುಳಿ ಇನ್ನೂ ಆಳವಾಗಿದೆ ಸರ್ ಎಂದಳು. ಲೆನ್ಸಿಗೆ ಅಪಶಕುನಕ್ಕೂ ನಾಚಿಕೆಗೂ ವ್ಯತ್ಯಾಸ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಕಣ್ಣು ಓಡಿಹೋಯಿತು ಎಂಬುದೊಂದೇ. ಹೀಗೇ ಸೆಟ್ ಆದರೆ, ಉಳಿದ ಆಯುಷ್ಯವೆಲ್ಲ ಅಕ್ಕನ ಮುಖದ ಜಾಗದಲ್ಲಿ ಹಬೆಯನ್ನೇ ನೋಡಿಕೊಂಡು ಇರಬೇಕಾಗಿತ್ತು.

ಶುಕ್ರವಾರ ಬೆಳಗ್ಗೆ ಮಲಗುವ ಕೋಣೆಯಿಂದಲೇ ಕೂಗಿದರು: "ಅಕ್ಕ, ಇಲ್ಲಿ ಬಾ. ಮುಚ್ಚಳ ನೀನೇ ತೆಗಿ. ಮುಂದೆ ನಿಂತು ತೆಗಿ."

ಆಮೇಲೆ ಹಿತ್ತಲ ಬಾಗಿಲು ಹಾಕಿದ ಸದ್ದು, ಹೆಜ್ಜೆಯ ಸದ್ದು. ಸೋಪಿನ ವಾಸನೆಯ ಕೈ ಕೆನ್ನೆಯ ಟೇಪನ್ನು ಬಿಡಿಸಿತು. ಆರಾಧ್ಯರು ಕಣ್ಣು ಬಿಟ್ಟರು. ಎದುರಿಗೆ ಹಬೆ. ಕಣ್ಣು ಕಿಟಕಿಯ ಕಡೆಗೆ ಎಳೆಯಿತು, ಅವರಿಗೆ ಅಳು ಬಂತು.

"ನನಗೆ ನಾಚಿಕೆ ಆಗುತ್ತೆ ಅಕ್ಕ. ನಿನ್ನ ಮುಖ ನೋಡೋ ಯೋಗ್ಯತೆ ಇಲ್ಲ ನನಗೆ."

"ನೀನು ನಾಚ್ಕೊಂಡ್ರೆ ನನಗೇನು ಬಂತು?" ಎಂದಳು ದಾಕ್ಷಕ್ಕ, ಮೊದಲ ಬಾರಿಗೆ ಧ್ವನಿ ಏರಿಸಿ. "ಅದೂ ನೀನು ನಿನ್ನನ್ನೇ ನೋಡ್ಕೊಳ್ಳೋದು ತಾನೆ? ಇಷ್ಟು ವರ್ಷ ಅದೇ ಆಯ್ತು. ಈಗ ನನ್ನ ನೋಡು. ಕಣ್ಣು ಉಜ್ಜಬೇಡ, ನೀರು ತಾನಾಗಿ ಇಳೀಲಿ. ನನ್ನ ಮುಖದ ಮೇಲೆ ಎಷ್ಟು ಮಚ್ಚೆ ಇದೆ, ಹೇಳು."

ಆರಾಧ್ಯರು ಉಜ್ಜಲಿಲ್ಲ. ನೀರು ಇಳಿಯುವವರೆಗೆ ಕಾದರು. ಮೂಗಿನ ಪಕ್ಕದ್ದು ಮೊದಲು ಸಿಕ್ಕಿತು. ಕಣ್ಣು ಅದನ್ನು ಹಿಡಿದುಕೊಂಡು ನಿಂತಿತು. ಗಲ್ಲದ ಕೆಳಗೆ ಇನ್ನೊಂದು, ಕೆನ್ನೆಯ ಮೇಲೆ ಮತ್ತೊಂದು. ಹುಬ್ಬಿನ ತುದಿಯಲ್ಲಿ, ಅಮ್ಮನಿಗೆ ಇದ್ದ ಹಾಗೆಯೇ, ಒಂದು ಸಣ್ಣದು. ಹಣೆಯ ನಡುವೆ ಹಚ್ಚೆಯ ಹಸಿರು ಚುಕ್ಕೆ ಇತ್ತು. ಕುಂಕುಮ ಅಳಿಸಿದವರಿಗೆ ಅದನ್ನು ಅಳಿಸುವುದಕ್ಕೆ ಆಗಿರಲಿಲ್ಲ. ಹಬೆ ಅಂಚಿನಿಂದ ಕರಗುತ್ತ ಬಂತು. ಕೊನೆಗೆ ಅವಳ ಕಣ್ಣುಗಳಿಗೆ ಬಂದರು. ಆಗ ಅವಳೇ ಕಣ್ಣು ತಗ್ಗಿಸಿದಳು, ಯಾರಾದರೂ ನೆಟ್ಟಗೆ ನೋಡಿದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

"ನಾಲ್ಕು," ಎಂದರು ಆರಾಧ್ಯರು.

"ಐದು. ಕಿವಿಯ ಹಿಂದೆ ಒಂದಿದೆ. ಅದು ಬೇಡ ಬಿಡು, ಹೊತ್ತಾಯ್ತು, ಹೊರಡು."

ಆಸ್ಪತ್ರೆಗೆ ಹೋಗುವ ಗಾಡಿ ಹೊರಗೆ ನಿಂತಿತ್ತು. ದಾಕ್ಷಕ್ಕನ ಕಾಲು ರೂಢಿಯಂತೆ ಹಿತ್ತಲ ಕಡೆಗೆ ತಿರುಗಿತು. ಆರಾಧ್ಯರು ಅವಳ ಕೈ ಹಿಡಿದು ಮುಂಬಾಗಿಲಿಗೆ ಕರೆತಂದರು, ಹೊಸ್ತಿಲ ಆಚೆ ತಮ್ಮ ಎದುರಿಗೆ ನಿಲ್ಲಿಸಿ, ಮುಖ ನೋಡಿ, ಹೋಗಿಬರ್ತೀನಿ ಅಕ್ಕ ಎಂದರು. ಒಳಗೆ ಹೋಗಿ ನೀರು ಕುಡಿಯಲಿಲ್ಲ. ಇನ್ನು ಕೆಲವು ಗಂಟೆಗಳಲ್ಲಿ ಈ ಮುಖ ಅವರ ಕಣ್ಣಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಅವಳ ಲೆನ್ಸು ಗಟ್ಟಿಯಾಗಿ ವರ್ಷಗಳಾಗಿದ್ದವು. ಅವಳು ಈಗಲೂ ಕಣ್ಣು ಕಿರಿದು ಮಾಡಿಕೊಂಡು, ಎದುರಿಗಿದ್ದ ತಮ್ಮನ ಮುಖವನ್ನು ಮಂಜಿನಲ್ಲಿ ಹುಡುಕುತ್ತಿದ್ದಳು.

ಅದನ್ನು ತಿದ್ದುವ ವಿದ್ಯೆ ಆರಾಧ್ಯರಿಗೆ ಗೊತ್ತಿರಲಿಲ್ಲ. ಅವರಿಗೆ ತಿಳಿದದ್ದು ಒಂದೇ. ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡು, ಅಕ್ಕನಿಗೆ ಬೆನ್ನು ತಿರುಗಿಸಿ, ಅವಳು ಕಣ್ತುಂಬ ನೋಡಲಿ ಎಂದು, ಗೇಟಿನವರೆಗೆ ನಿಧಾನವಾಗಿ ನಡೆದರು.